ಫೈರ್‌ವಾಲ್ ರೌಟರ್‌ಗಳಲ್ಲಿ ಸಿಪಿಯು ಆವರ್ತನ ನಿಯಂತ್ರಣ

ಸಿಪಿಯು ಆವರ್ತನ ನಿಯಂತ್ರಣ ಎಂಬುದು ಗಣಕಯಂತ್ರದ ಕೇಂದ್ರ ಸಂಸ್ಕಾರಕವು (ಸಿಪಿಯು) ತನ್ನ ಮೇಲಿನ ಕೆಲಸದ ಹೊರೆಗೆ ಅನುಗುಣವಾಗಿ ವೇಗವನ್ನೂ ವೋಲ್ಟೇಜನ್ನೂ ಏರಿಳಿಸಿಕೊಳ್ಳುವ ವ್ಯವಸ್ಥೆಯಾಗಿದೆ. ಹೊರೆ ಕಡಿಮೆ ಇರುವಾಗ ವೇಗವನ್ನು ತಗ್ಗಿಸಿ ವಿದ್ಯುತ್ತನ್ನು ಉಳಿಸುವುದು, ಶಾಖವನ್ನು ಕಡಿಮೆ ಮಾಡುವುದು ಹಾಗೂ ಹೊರೆ ಹೆಚ್ಚಿದಾಗ ತಡಮಾಡದೆ ಪೂರ್ಣ ವೇಗಕ್ಕೆ ಮರಳುವುದು ಇದರ ಉದ್ದೇಶ. ಮೊದಲಿಗೆ ಬ್ಯಾಟರಿಯಿಂದ ನಡೆಯುವ ಲ್ಯಾಪ್‌ಟಾಪ್‌ಗಳಿಗಾಗಿ ರೂಪುಗೊಂಡ ಈ ತಂತ್ರವು ಇಂದು ಮೇಜಿನ ಗಣಕಯಂತ್ರ, ಸರ್ವರ್, ಮೊಬೈಲ್ ಫೋನ್ ಮತ್ತು ಜಾಲ ಸಾಧನಗಳಲ್ಲೆಲ್ಲ ಬಳಕೆಯಲ್ಲಿದೆ.

ಫೈರ್‌ವಾಲ್ ರೌಟರ್ ಎಂದರೆ ಒಂದು ಕಚೇರಿ, ಶಾಲೆ ಅಥವಾ ಮನೆಯ ಒಳಜಾಲವನ್ನು ಅಂತರಜಾಲಕ್ಕೆ ಜೋಡಿಸಿ, ಒಳಬರುವ ಮತ್ತು ಹೊರಹೋಗುವ ಪ್ಯಾಕೆಟ್‌ಗಳನ್ನು ನಿಯಮಗಳ ಪ್ರಕಾರ ಪರಿಶೀಲಿಸುವ ಸಾಧನ. ಇದು ವರ್ಷದ ಎಲ್ಲ ದಿನಗಳಲ್ಲಿ, ದಿನದ 24 ಗಂಟೆಯೂ ಚಾಲನೆಯಲ್ಲಿರುತ್ತದೆ. ಆದರೆ ಅದರ ಕೆಲಸ ಮಾತ್ರ ಗಳಿಗೆಗೊಂದು ಬಗೆಯಾಗಿರುತ್ತದೆ: ರಾತ್ರಿಯಿಡೀ ಬಹುಪಾಲು ಬಿಡುವು, ಹಗಲಿನಲ್ಲಿ ಕೆಲವೇ ಕ್ಷಣಗಳ ತೀವ್ರ ಒತ್ತಡ. ಈ ಕಾರಣದಿಂದ ಆವರ್ತನ ನಿಯಂತ್ರಣದ ಲಾಭವೂ, ಅದು ಸರಿಯಾಗಿ ಹೊಂದಿಕೊಳ್ಳದಿದ್ದಾಗಿನ ತೊಂದರೆಯೂ ರೌಟರ್‌ಗಳಲ್ಲಿ ಎದ್ದು ಕಾಣುತ್ತವೆ.

ತತ್ವ

ಡಿಜಿಟಲ್ ಮಂಡಲವೊಂದು ಕೆಲಸ ಮಾಡುವಾಗ ಬಳಸುವ ಚಲನಶೀಲ ವಿದ್ಯುತ್ತನ್ನು ಸ್ಥೂಲವಾಗಿ ಹೀಗೆ ಹೇಳಬಹುದು:

ವಿದ್ಯುತ್ ಬಳಕೆ ∝ ಧಾರಕತೆ × ವೋಲ್ಟೇಜ್² × ಆವರ್ತನ

ಆವರ್ತನವನ್ನು ಮಾತ್ರ ಅರ್ಧಕ್ಕೆ ಇಳಿಸಿದರೆ ಬಳಕೆಯೂ ಅರ್ಧವಾಗುತ್ತದೆ. ಆದರೆ ಅದೇ ಕೆಲಸಕ್ಕೆ ಎರಡರಷ್ಟು ಕಾಲ ಬೇಕಾಗುವುದರಿಂದ ಒಟ್ಟು ಉಳಿತಾಯವೇನೂ ಇರುವುದಿಲ್ಲ. ನಿಜವಾದ ಲಾಭ ದೊರೆಯುವುದು ವೋಲ್ಟೇಜಿನಿಂದ. ವೇಗ ಕಡಿಮೆಯಾದಾಗ ಸಂಸ್ಕಾರಕವು ಕಡಿಮೆ ವೋಲ್ಟೇಜಿನಲ್ಲಿಯೂ ತಪ್ಪಿಲ್ಲದೆ ಕೆಲಸ ಮಾಡಬಲ್ಲದು, ಮತ್ತು ವೋಲ್ಟೇಜಿನ ಪರಿಣಾಮ ವರ್ಗಪ್ರಮಾಣದಲ್ಲಿರುತ್ತದೆ. ಉದಾಹರಣೆಗೆ, 2 ಗಿಗಾಹರ್ಟ್ಸ್ ಮತ್ತು 1.0 ವೋಲ್ಟ್‌ನಲ್ಲಿರುವ ಸಂಸ್ಕಾರಕವನ್ನು 1 ಗಿಗಾಹರ್ಟ್ಸ್ ಮತ್ತು 0.8 ವೋಲ್ಟ್‌ಗೆ ಇಳಿಸಿದರೆ ಚಲನಶೀಲ ಬಳಕೆಯು 0.5 × 0.64, ಅಂದರೆ ಮೊದಲಿನ 0.32 ರಷ್ಟಾಗುತ್ತದೆ. ಎರಡರಷ್ಟು ಸಮಯ ಹಿಡಿದರೂ ಆ ಕೆಲಸಕ್ಕೆ ತಗಲುವ ಶಕ್ತಿ ಮೊದಲಿನ 0.64 ರಷ್ಟು ಮಾತ್ರ.

ಇದರ ಜೊತೆಗೆ ಕೆಲಸವಿಲ್ಲದಿದ್ದರೂ ಸೋರಿಹೋಗುವ ವಿದ್ಯುತ್ ಒಂದಿದೆ. ಟ್ರಾನ್ಸಿಸ್ಟರ್‌ಗಳು ಚಿಕ್ಕದಾದಂತೆ ಈ ಸೋರಿಕೆಯ ಪಾಲು ಹೆಚ್ಚಿತು. ಹೀಗಾಗಿ ಇತ್ತೀಚಿನ ಸಂಸ್ಕಾರಕಗಳಲ್ಲಿ ಕೆಲಸವನ್ನು ಬೇಗ ಮುಗಿಸಿ ಆಳವಾದ ನಿದ್ರೆಗೆ ಜಾರುವುದು, ನಿಧಾನವಾಗಿ ಕೆಲಸ ಮಾಡುತ್ತ ಎಚ್ಚರವಾಗಿರುವುದಕ್ಕಿಂತ ಕೆಲವೊಮ್ಮೆ ಹೆಚ್ಚು ಮಿತವ್ಯಯದ್ದಾಗುತ್ತದೆ.

ಇತಿಹಾಸ

ವಿದ್ಯುತ್ ನಿರ್ವಹಣೆಯ ಹೊಣೆಯನ್ನು ಫರ್ಮ್‌ವೇರ್‌ನಿಂದ ಕಾರ್ಯಾಚರಣಾ ವ್ಯವಸ್ಥೆಗೆ ವರ್ಗಾಯಿಸಿದ ಎಸಿಪಿಐ ಎಂಬ ಮಾನದಂಡವನ್ನು ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಸಂಸ್ಥೆಗಳು ಸೇರಿ 1996ರ ಡಿಸೆಂಬರ್‌ನಲ್ಲಿ ಪ್ರಕಟಿಸಿದವು. 2000ದಲ್ಲಿ ಬಂದ ಅದರ ಎರಡನೆಯ ಆವೃತ್ತಿಯು ಸಂಸ್ಕಾರಕದ ಕಾರ್ಯಸ್ಥಿತಿಗಳನ್ನು ವಿವರಿಸುವ ಕೋಷ್ಟಕಗಳನ್ನು ಒಳಗೊಂಡಿತು. ಅದೇ ವರ್ಷ ಇಂಟೆಲ್‌ನ ಸ್ಪೀಡ್‌ಸ್ಟೆಪ್, ಎಎಂಡಿಯ ಪವರ್‌ನೌ ಮತ್ತು ಟ್ರಾನ್ಸ್‌ಮೆಟಾ ಸಂಸ್ಥೆಯ ಲಾಂಗ್‌ರನ್ ತಂತ್ರಗಳು ಲ್ಯಾಪ್‌ಟಾಪ್ ಸಂಸ್ಕಾರಕಗಳಲ್ಲಿ ಕಾಣಿಸಿಕೊಂಡವು. 2003ರಲ್ಲಿ ಪೆಂಟಿಯಂ ಎಂ ಜೊತೆಗೆ ಸುಧಾರಿತ ಸ್ಪೀಡ್‌ಸ್ಟೆಪ್ ಬಂದಿತು. ಅದೇ ವರ್ಷ ಎಎಂಡಿಯು ಅಥ್ಲಾನ್ 64 ಸಂಸ್ಕಾರಕಗಳಲ್ಲಿ ಕೂಲ್‌ ಎನ್ ಕ್ವಯಟ್ ಎಂಬ ಹೆಸರಿನಲ್ಲಿ ಈ ತಂತ್ರವನ್ನು ಮೇಜಿನ ಗಣಕಯಂತ್ರಗಳಿಗೆ ತಂದಿತು.

2008ರಲ್ಲಿ ಇಂಟೆಲ್‌ನ ಟರ್ಬೊ ಬೂಸ್ಟ್ ಬಂದ ಮೇಲೆ, ಉಷ್ಣತೆ ಮತ್ತು ವಿದ್ಯುತ್ತಿನ ಮಿತಿಯೊಳಗೆ ಅವಕಾಶವಿದ್ದರೆ ಸಂಸ್ಕಾರಕವು ತನ್ನ ಘೋಷಿತ ವೇಗವನ್ನೂ ಮೀರಬಹುದಾಯಿತು. 2015ರ ಸ್ಕೈಲೇಕ್ ಪೀಳಿಗೆಯಲ್ಲಿ ಬಂದ ಸ್ಪೀಡ್ ಶಿಫ್ಟ್ ತಂತ್ರವು ವೇಗದ ಆಯ್ಕೆಯನ್ನು ಬಹುಮಟ್ಟಿಗೆ ಯಂತ್ರಾಂಶಕ್ಕೇ ಒಪ್ಪಿಸಿತು.

ಮುಕ್ತ ತಂತ್ರಾಂಶ ಆಧಾರಿತ ಫೈರ್‌ವಾಲ್‌ಗಳ ಬೆಳವಣಿಗೆಯೂ ಇದೇ ಕಾಲದ್ದು. ಮೋನೋವಾಲ್ ಎಂಬ ಫ್ರೀಬಿಎಸ್‌ಡಿ ಆಧಾರಿತ ತಂತ್ರಾಂಶದಿಂದ 2004ರಲ್ಲಿ ಪಿಎಫ್‌ಸೆನ್ಸ್ ಕವಲೊಡೆಯಿತು. 2015ರಲ್ಲಿ ಅದರಿಂದ ಓಪಿಎನ್‌ಸೆನ್ಸ್ ಹುಟ್ಟಿತು. ಲಿನಕ್ಸ್ ಆಧಾರಿತವಾದ ಓಪನ್‌ಡಬ್ಲ್ಯುಆರ್‌ಟಿ ಮತ್ತು ಐಪಿಫೈರ್‌ಗಳೂ ಬಳಕೆಯಲ್ಲಿವೆ. ಇವುಗಳಿಂದಾಗಿ ಸಾಮಾನ್ಯ ಗಣಕಯಂತ್ರವನ್ನೇ ಅಥವಾ ಫ್ಯಾನ್ ಇಲ್ಲದ ಚಿಕ್ಕ ಪೆಟ್ಟಿಗೆಯನ್ನೇ ರೌಟರ್ ಆಗಿ ಬಳಸುವುದು ಸಾಧ್ಯವಾಯಿತು. ಅದರೊಂದಿಗೆ ಅವುಗಳ ವಿದ್ಯುತ್ ನಿರ್ವಹಣೆಯ ಸಮಸ್ಯೆಗಳೂ ರೌಟರ್‌ಗೆ ಬಂದವು.

ಸ್ಥಿತಿಗಳು

ಕಾರ್ಯಸ್ಥಿತಿಗಳು: ಇವುಗಳನ್ನು ಪಿ-ಸ್ಥಿತಿಗಳೆಂದು ಕರೆಯುತ್ತಾರೆ. ಪ್ರತಿಯೊಂದು ಸ್ಥಿತಿಯೂ ಒಂದು ಆವರ್ತನ ಮತ್ತು ಒಂದು ವೋಲ್ಟೇಜಿನ ಜೋಡಿ. ಪಿ0 ಅತ್ಯಂತ ವೇಗದ ಸ್ಥಿತಿ. ಸಂಖ್ಯೆ ಹೆಚ್ಚಿದಂತೆ ವೇಗ ಕಡಿಮೆಯಾಗುತ್ತದೆ.

ನಿದ್ರಾಸ್ಥಿತಿಗಳು: ಇವು ಸಿ-ಸ್ಥಿತಿಗಳು. ಸಿ0 ಎಂದರೆ ಎಚ್ಚರ. ಸಿ1, ಸಿ2, ಸಿ3, ಸಿ6 ಹೀಗೆ ಮುಂದುವರಿದಂತೆ ನಿದ್ರೆ ಆಳವಾಗುತ್ತದೆ, ಉಳಿತಾಯ ಹೆಚ್ಚುತ್ತದೆ, ಆದರೆ ಎಚ್ಚರಗೊಳ್ಳಲು ಬೇಕಾದ ಸಮಯವೂ ಹೆಚ್ಚುತ್ತದೆ.

ಟರ್ಬೊ ಸ್ಥಿತಿ: ಘೋಷಿತ ವೇಗವನ್ನು ಮೀರಿದ, ಉಷ್ಣತೆ ಅನುಮತಿಸುವವರೆಗೆ ಮಾತ್ರ ಉಳಿಯುವ ಸ್ಥಿತಿ. ಹಳೆಯ ಕ್ರಮದಲ್ಲಿ ಇದನ್ನು ಮೂಲ ವೇಗಕ್ಕಿಂತ 1 ಮೆಗಾಹರ್ಟ್ಸ್ ಹೆಚ್ಚಾಗಿ ತೋರಿಸುವ ರೂಢಿಯಿದೆ. 2400 ಮೆಗಾಹರ್ಟ್ಸ್‌ನ ಸಂಸ್ಕಾರಕವು 2401 ಎಂದು ತೋರಿಸಿದರೆ ಟರ್ಬೊ ಕೆಲಸ ಮಾಡಲು ಅನುಮತಿ ದೊರೆತಿದೆ ಎಂದರ್ಥ. ನಿಜವಾದ ವೇಗ ಅದಕ್ಕಿಂತ ಬಹಳ ಹೆಚ್ಚಿರಬಹುದು.

ಗಡಿಯಾರ ತಡೆ: ಸಂಸ್ಕಾರಕದ ಗಡಿಯಾರದ ಮಿಡಿತಗಳಲ್ಲಿ ಕೆಲವನ್ನು ಬಿಟ್ಟುಬಿಡುವ ವಿಧಾನ. ವೇಗವು ಶೇ. 12.5ರ ಮೆಟ್ಟಿಲುಗಳಲ್ಲಿ ಇಳಿಯುತ್ತದೆ. ವೋಲ್ಟೇಜ್ ಇಳಿಯದ ಕಾರಣ ಇದರಿಂದ ಕೆಲಸಕ್ಕೆ ತಗಲುವ ಶಕ್ತಿ ಉಳಿಯುವುದಿಲ್ಲ. ಇದು ಮೂಲತಃ ಅತಿಶಾಖದಿಂದ ಸಂಸ್ಕಾರಕವನ್ನು ಕಾಪಾಡುವ ಉಪಾಯ.

ನಿಯಂತ್ರಕ ತಂತ್ರಾಂಶಗಳು

ಫ್ರೀಬಿಎಸ್‌ಡಿಯಲ್ಲಿ ಆವರ್ತನ ಬದಲಾಯಿಸುವ ಚಾಲಕ ಮತ್ತು ಅದನ್ನು ನಡೆಸುವ ಪವರ್‌ಡಿ ಎಂಬ ಹಿನ್ನೆಲೆ ಕಾರ್ಯಕ್ರಮ 6.0 ಆವೃತ್ತಿಯಿಂದ (2005) ಇವೆ. ಪವರ್‌ಡಿಯು ಸಾಮಾನ್ಯವಾಗಿ ಪ್ರತಿ 250 ಮಿಲಿಸೆಕೆಂಡಿಗೊಮ್ಮೆ ಹೊರೆಯನ್ನು ಅಳೆದು ವೇಗವನ್ನು ನಿರ್ಧರಿಸುತ್ತದೆ. ಇದಕ್ಕೆ ನಾಲ್ಕು ಕ್ರಮಗಳಿವೆ: ಸದಾ ಗರಿಷ್ಠ ವೇಗ, ಸದಾ ಕನಿಷ್ಠ ವೇಗ, ಹೊಂದಾಣಿಕೆಯ ಕ್ರಮ ಮತ್ತು ಉನ್ನತ ಹೊಂದಾಣಿಕೆಯ ಕ್ರಮ. ಕೊನೆಯದು ವೇಗವನ್ನು ಬೇಗ ಏರಿಸಿ ನಿಧಾನವಾಗಿ ಇಳಿಸುತ್ತದೆ. ಆದ್ದರಿಂದ ರೌಟರ್‌ಗಳಿಗೆ ಇದೇ ಹೆಚ್ಚು ಸೂಕ್ತವೆಂದು ಪರಿಗಣಿಸಲಾಗಿದೆ.

ಸಾಧನವು ನೇರ ವಿದ್ಯುತ್ತಿನಲ್ಲಿರುವಾಗ, ಬ್ಯಾಟರಿಯಲ್ಲಿರುವಾಗ ಮತ್ತು ಯಾವುದೆಂದು ತಿಳಿಯದಿರುವಾಗ ಎಂಬ ಮೂರು ಸಂದರ್ಭಗಳಿಗೂ ಬೇರೆ ಬೇರೆ ಕ್ರಮವನ್ನು ನಿಗದಿಪಡಿಸಬಹುದು. ಪಿಎಫ್‌ಸೆನ್ಸ್‌ನ ಜಾಲಪುಟದಲ್ಲಿ ಈ ಮೂರೂ ಪ್ರತ್ಯೇಕ ಆಯ್ಕೆಗಳಾಗಿವೆ. ಬ್ಯಾಟರಿಯೇ ಇಲ್ಲದ ಚಿಕ್ಕ ಪೆಟ್ಟಿಗೆಗಳು ತಮ್ಮ ವಿದ್ಯುತ್ ಮೂಲವನ್ನು ತಿಳಿಸದೆ ಮೂರನೆಯ ವರ್ಗಕ್ಕೆ ಸೇರುವುದುಂಟು.

ಸ್ಪೀಡ್ ಶಿಫ್ಟ್ ಇರುವ ಸಂಸ್ಕಾರಕಗಳಿಗೆ ಫ್ರೀಬಿಎಸ್‌ಡಿಯ ಇತ್ತೀಚಿನ ಆವೃತ್ತಿಗಳಲ್ಲಿ ಬೇರೆಯೇ ಚಾಲಕವಿದೆ. ಅಲ್ಲಿ 0ಯಿಂದ 100ರವರೆಗಿನ ಒಂದು ಆದ್ಯತಾ ಸಂಖ್ಯೆಯನ್ನು ಕೊಡಬೇಕು: 0 ಎಂದರೆ ವೇಗಕ್ಕೆ ಪೂರ್ಣ ಆದ್ಯತೆ, 100 ಎಂದರೆ ಉಳಿತಾಯಕ್ಕೆ ಪೂರ್ಣ ಆದ್ಯತೆ, ಪೂರ್ವನಿಗದಿತ ಸಂಖ್ಯೆ 50. ಈ ಚಾಲಕವು ಕಾರ್ಯನಿರತವಾಗಿದ್ದರೆ ಪವರ್‌ಡಿಗೆ ಮಾಡಲು ಕೆಲಸವಿರುವುದಿಲ್ಲ.

ಲಿನಕ್ಸ್‌ನಲ್ಲಿ ಈ ಕೆಲಸವನ್ನು ಗವರ್ನರ್ ಎಂಬ ಘಟಕಗಳು ಮಾಡುತ್ತವೆ. ಪರ್ಫಾರ್ಮೆನ್ಸ್, ಪವರ್‌ಸೇವ್, ಆನ್‌ಡಿಮಾಂಡ್, ಕನ್ಸರ್ವೇಟಿವ್ ಮತ್ತು 2016ರಲ್ಲಿ ಸೇರಿದ ಷೆಡ್ಯುಟಿಲ್ ಅವುಗಳಲ್ಲಿ ಮುಖ್ಯವಾದವು. ಪವರ್‌ಸೇವ್ ಎಂಬ ಹೆಸರು ಗೊಂದಲಕ್ಕೆ ಎಡೆಮಾಡುತ್ತದೆ: ಸಾಮಾನ್ಯ ಚಾಲಕದಲ್ಲಿ ಅದು ಸಂಸ್ಕಾರಕವನ್ನು ಕನಿಷ್ಠ ವೇಗದಲ್ಲಿ ಕಟ್ಟಿಹಾಕುತ್ತದೆ, ಇಂಟೆಲ್‌ನ ಪ್ರತ್ಯೇಕ ಚಾಲಕದಲ್ಲಿ ಅದೇ ಹೆಸರಿನ ಆಯ್ಕೆಯು ಹೊರೆಗೆ ತಕ್ಕಂತೆ ವೇಗವನ್ನು ಏರಿಸುತ್ತದೆ.

ಪ್ಯಾಕೆಟ್ ಮತ್ತು ಕಾಲದ ಲೆಕ್ಕ

ಸೆಕೆಂಡಿಗೆ 1 ಗಿಗಾಬಿಟ್ ಸಾಮರ್ಥ್ಯದ ಈಥರ್ನೆಟ್ ಸಂಪರ್ಕದಲ್ಲಿ ಅತಿ ಚಿಕ್ಕ (64 ಬೈಟ್) ಚೌಕಟ್ಟುಗಳಷ್ಟೇ ಬಂದರೆ ಸೆಕೆಂಡಿಗೆ ಸುಮಾರು 14.88 ಲಕ್ಷ ಪ್ಯಾಕೆಟ್‌ಗಳು ಹಾದುಹೋಗಬಹುದು. ಪ್ರತಿಯೊಂದಕ್ಕೂ ದೊರೆಯುವ ಕಾಲ 672 ನ್ಯಾನೊಸೆಕೆಂಡ್. 2 ಗಿಗಾಹರ್ಟ್ಸ್‌ನ ಒಂದು ಕೋರ್‌ಗೆ ಅಷ್ಟರಲ್ಲಿ 1,344 ಗಡಿಯಾರ ಮಿಡಿತಗಳು ಸಿಗುತ್ತವೆ. 1 ಗಿಗಾಹರ್ಟ್ಸ್‌ಗೆ ಇಳಿದರೆ 672 ಮಾತ್ರ. ಪೂರ್ಣ ಗಾತ್ರದ (1500 ಬೈಟ್‌ಗಳ ದತ್ತಾಂಶವಿರುವ) ಪ್ಯಾಕೆಟ್‌ಗಳಾದರೆ ಸೆಕೆಂಡಿಗೆ ಸುಮಾರು 81 ಸಾವಿರವಾಗುವುದರಿಂದ ಒತ್ತಡ ಬಹಳ ಕಡಿಮೆ. ದೊಡ್ಡ ಕಡತವೊಂದನ್ನು ಇಳಿಸಿಕೊಂಡು ನೋಡಿ ರೌಟರ್ ಸರಿಯಾಗಿದೆ ಎಂದು ತೀರ್ಮಾನಿಸಿದವರಿಗೆ, ಚಿಕ್ಕ ಪ್ಯಾಕೆಟ್‌ಗಳಿಂದ ಕೂಡಿದ ಧ್ವನಿಕರೆಗಳಲ್ಲಿ ತೊಂದರೆ ಕಾಣಿಸಿಕೊಳ್ಳುವುದು ಈ ಕಾರಣದಿಂದ.

ವೇಗವನ್ನು ನಿರ್ಧರಿಸುವ ಅಂತರವೂ ಗಮನಾರ್ಹ. 250 ಮಿಲಿಸೆಕೆಂಡುಗಳಲ್ಲಿ 1 ಗಿಗಾಬಿಟ್ ಸಂಪರ್ಕದ ಮೂಲಕ 31 ಮೆಗಾಬೈಟ್‌ಗೂ ಹೆಚ್ಚು ದತ್ತಾಂಶ ಬರಬಲ್ಲದು. ಅಷ್ಟು ಹೊತ್ತು ಸಂಸ್ಕಾರಕವು ಕನಿಷ್ಠ ವೇಗದಲ್ಲಿಯೇ ಉಳಿದರೆ ಜಾಲಪತ್ರದ ಸರತಿ ತುಂಬಿ ಪ್ಯಾಕೆಟ್‌ಗಳು ನಷ್ಟವಾಗಬಹುದು. ಸರಾಸರಿ ಹೊರೆ ಕಡಿಮೆಯೆಂದು ತೋರುತ್ತಿದ್ದರೂ ಸಂಪರ್ಕದಲ್ಲಿ ಕ್ಷಣಿಕ ತಡವರಿಕೆ ಕಾಣುವುದಕ್ಕೆ ಇದು ಒಂದು ವಿವರಣೆ.

ಸಾಮಾನ್ಯ ದೋಷಗಳು ಮತ್ತು ಪರಿಹಾರ

1. ವೇಗ ಇಳಿಯುವುದೇ ಇಲ್ಲ

ನಿಯಂತ್ರಣ ಫಲಕದಲ್ಲಿ ಸದಾ ಗರಿಷ್ಠ ಆವರ್ತನವೇ ಕಾಣುತ್ತಿದ್ದರೆ ಮೊದಲು ಅನುಮಾನಿಸಬೇಕಾದುದು ನೋಡುವ ವಿಧಾನವನ್ನೇ. ರೌಟರ್‌ನ ಜಾಲಪುಟವನ್ನು ತೆರೆಯುವುದು ಕೂಡ ಸಂಸ್ಕಾರಕಕ್ಕೆ ಒಂದು ಕೆಲಸ. ಪುಟ ಸಿದ್ಧವಾಗುವ ಹೊತ್ತಿಗೆ ವೇಗ ಏರಿರುತ್ತದೆ ಮತ್ತು ಪುಟವು ಆ ಏರಿದ ವೇಗವನ್ನೇ ತೋರಿಸುತ್ತದೆ. ಆದೇಶ ಸಾಲಿನಲ್ಲಿ ಕೆಲವು ಸೆಕೆಂಡುಗಳ ಅಂತರದಲ್ಲಿ ಆವರ್ತನವನ್ನು ಹಲವು ಬಾರಿ ಓದಿ ನೋಡುವುದು ಹೆಚ್ಚು ವಿಶ್ವಾಸಾರ್ಹ.

ಅಲ್ಲಿಯೂ ವೇಗ ಇಳಿಯದಿದ್ದರೆ ಪವರ್‌ಡಿ ಚಾಲನೆಯಲ್ಲಿದೆಯೇ, ವಿದ್ಯುತ್ ಮೂಲದ ಮೂರು ಸಂದರ್ಭಗಳಿಗೂ ಉದ್ದೇಶಿತ ಕ್ರಮವನ್ನು ಕೊಡಲಾಗಿದೆಯೇ ಎಂದು ಪರಿಶೀಲಿಸಬೇಕು. ಸಂಗ್ರಹಣೆ ತುಂಬಿದ ಅಥವಾ ಸುತ್ತು ಹಾಕುತ್ತಿರುವ ಯಾವುದಾದರೂ ಹಿನ್ನೆಲೆ ಕಾರ್ಯಕ್ರಮ ಹೊರೆಯನ್ನು ಹಿಡಿದಿಟ್ಟಿರುವ ಸಾಧ್ಯತೆಯೂ ಇದೆ.

2. ಆವರ್ತನದ ಪಟ್ಟಿಯೇ ಕಾಣುವುದಿಲ್ಲ

ಲಭ್ಯ ಆವರ್ತನಗಳ ಪಟ್ಟಿ ಖಾಲಿಯಿದ್ದರೆ ಅಥವಾ ಒಂದೇ ಸಂಖ್ಯೆ ಇದ್ದರೆ ಮೂರು ಕಾರಣಗಳಿರಬಹುದು. ಮೊದಲನೆಯದು, ಬಯೋಸ್‌ನಲ್ಲಿ ಸ್ಪೀಡ್‌ಸ್ಟೆಪ್ ಅಥವಾ ಅದಕ್ಕೆ ಸಮಾನವಾದ ಆಯ್ಕೆ ಮುಚ್ಚಿರುವುದು. ಆಗ ಎಸಿಪಿಐ ಕೋಷ್ಟಕವು ಕಾರ್ಯಾಚರಣಾ ವ್ಯವಸ್ಥೆಗೆ ತಲುಪುವುದಿಲ್ಲ. ಎರಡನೆಯದು, ಸ್ಪೀಡ್ ಶಿಫ್ಟ್ ಚಾಲಕವು ಅಧಿಕಾರ ವಹಿಸಿಕೊಂಡಿರುವುದು. ಇದು ದೋಷವಲ್ಲ, ನಿಯಂತ್ರಣದ ಕೀಲಿ ಬೇರೆ ಕಡೆಗಿದೆ ಅಷ್ಟೆ. ಮೂರನೆಯದು, ಫೈರ್‌ವಾಲ್ ಒಂದು ಮಿಥ್ಯಾಯಂತ್ರದೊಳಗೆ ನಡೆಯುತ್ತಿರುವುದು. ಮಿಥ್ಯಾಯಂತ್ರಕ್ಕೆ ನಿಜವಾದ ಸಂಸ್ಕಾರಕದ ವೇಗದ ಮೇಲೆ ಹಿಡಿತವಿರುವುದಿಲ್ಲ. ಆಶ್ರಯ ನೀಡಿದ ಯಂತ್ರದಲ್ಲಿಯೇ ಹೊಂದಿಸಬೇಕು.

3. ವೇಗ ಏರುವುದೇ ಇಲ್ಲ

ಹೊರೆಯಿದ್ದರೂ ಕನಿಷ್ಠ ವೇಗದಲ್ಲಿ ನಿಂತಿದ್ದರೆ, ಕನಿಷ್ಠ ಕ್ರಮದ ಆಯ್ಕೆಯಾಗಿರುವುದು, ಉಷ್ಣತೆಯ ಮಿತಿ ತಲುಪಿ ತಡೆ ಬಿದ್ದಿರುವುದು ಅಥವಾ ಫರ್ಮ್‌ವೇರ್‌ನಲ್ಲಿ ವಿದ್ಯುತ್ ಮಿತಿ ತೀರ ಕಡಿಮೆಯಿರುವುದು ಕಾರಣವಾಗಿರಬಹುದು. ಪಟ್ಟಿಯಲ್ಲಿ ಶೇ. 12.5ರ ಸಮಾನ ಅಂತರದ ಹಲವು ಕೆಳವೇಗಗಳು ಕಂಡರೆ ಗಡಿಯಾರ ತಡೆಯ ಹಳೆಯ ಚಾಲಕಗಳು ಸೇರಿಕೊಂಡಿವೆ ಎಂದು ತಿಳಿಯಬೇಕು. ಅವುಗಳನ್ನು ಆರಂಭಿಕ ಸಂರಚನೆಯಲ್ಲಿ ನಿಷ್ಕ್ರಿಯಗೊಳಿಸುವುದೇ ಲೇಸು. ಅವು ವೇಗವನ್ನು ತಗ್ಗಿಸುತ್ತವೆಯೇ ಹೊರತು ಉಳಿತಾಯ ಮಾಡುವುದಿಲ್ಲ. ಮೇಲೇರಲು ಹೆಚ್ಚು ಮೆಟ್ಟಿಲುಗಳನ್ನೂ ಸೇರಿಸುತ್ತವೆ.

ಏರಿದ ವೇಗವು ತೋರಿಕೆಯಲ್ಲಿ ಕಾಣದಿರುವುದೂ ಉಂಟು. ಸ್ವಿಟ್ಜರ್ಲೆಂಡಿನ ಪಿಸಿ ಎಂಜಿನ್ಸ್ ಸಂಸ್ಥೆಯ ಎಪಿಯು2 ಫಲಕವು ಇದಕ್ಕೆ ಪ್ರಸಿದ್ಧ ಉದಾಹರಣೆ. ಅದರಲ್ಲಿರುವ ಎಎಂಡಿ ಜಿಎಕ್ಸ್-412ಟಿಸಿ ಸಂಸ್ಕಾರಕದ ಮೂಲ ವೇಗ 1 ಗಿಗಾಹರ್ಟ್ಸ್. ನಂತರದ ಫರ್ಮ್‌ವೇರ್‌ಗಳು 1.4 ಗಿಗಾಹರ್ಟ್ಸ್‌ವರೆಗಿನ ಏರಿಕೆಗೆ ಅವಕಾಶ ಕೊಟ್ಟರೂ ಕಾರ್ಯಾಚರಣಾ ವ್ಯವಸ್ಥೆಯು 1000 ಮೆಗಾಹರ್ಟ್ಸ್ ಎಂದೇ ತೋರಿಸುತ್ತದೆ. ಇಂತಹ ಸಂದರ್ಭದಲ್ಲಿ ತೋರಿಕೆಯ ಸಂಖ್ಯೆಗಿಂತ ನಿಗದಿತ ಕೆಲಸವೊಂದಕ್ಕೆ ತಗಲುವ ಸಮಯವನ್ನು ಅಳೆಯುವುದು ಉತ್ತಮ.

4. ಹೊರೆ ಕಡಿಮೆ, ಆದರೂ ಸಂಪರ್ಕ ನಿಧಾನ

ನಾಲ್ಕು ಕೋರ್‌ಗಳ ಸಂಸ್ಕಾರಕದಲ್ಲಿ ಒಂದು ಕೋರ್ ಮಾತ್ರ ಪೂರ್ಣವಾಗಿ ದುಡಿಯುತ್ತಿದ್ದರೆ ಒಟ್ಟು ಹೊರೆ ಶೇ. 25 ಎಂದು ತೋರುತ್ತದೆ. ಬಿಡುವು ಸಾಕಷ್ಟಿದೆ ಎಂಬ ಭ್ರಮೆ ಇದರಿಂದ ಉಂಟಾಗುತ್ತದೆ. ಒಂದೇ ಎಳೆಯಲ್ಲಿ ನಡೆಯುವ ಓಪನ್‌ವಿಪಿಎನ್ ಸುರಂಗಗಳಲ್ಲಿಯೂ, ಪಿಪಿಪಿಓಇ ಮೂಲಕ ಪಡೆದ ಬ್ರಾಡ್‌ಬ್ಯಾಂಡ್ ಸಂಪರ್ಕಗಳಲ್ಲಿಯೂ ಹೀಗಾಗುವುದು ಸಾಮಾನ್ಯ. ಆದುದರಿಂದ ಪ್ರತಿ ಕೋರ್‌ನ ಹೊರೆಯನ್ನು ಪ್ರತ್ಯೇಕವಾಗಿ ನೋಡಬೇಕು. ಇಲ್ಲಿ ಒಂದು ಕೋರ್‌ನ ಗರಿಷ್ಠ ವೇಗವೇ ನಿರ್ಣಾಯಕ. ಕೋರ್‌ಗಳ ಸಂಖ್ಯೆಯನ್ನು ಹೆಚ್ಚಿಸಿದರೆ ಪ್ರಯೋಜನವಿಲ್ಲ. ಸ್ಪೀಡ್ ಶಿಫ್ಟ್ ಇದ್ದಲ್ಲಿ ಆದ್ಯತಾ ಸಂಖ್ಯೆಯನ್ನು ತಗ್ಗಿಸುವುದು, ಪ್ರತಿ ಕೋರ್‌ಗೂ ಪ್ರತ್ಯೇಕ ನಿಯಂತ್ರಣ ಕೊಡುವುದು ಪರಿಹಾರಗಳಾಗಿವೆ.

5. ಆಗಾಗ್ಗೆ ತಡವರಿಕೆ

ವೇಗ ಸರಿಯಾಗಿದ್ದರೂ ಪ್ರತಿಕ್ರಿಯಾ ಕಾಲದಲ್ಲಿ ಏರಿಳಿತವಿದ್ದರೆ ನಿದ್ರಾಸ್ಥಿತಿಗಳನ್ನು ಪರಿಶೀಲಿಸಬೇಕು. ಬಿಡುವಿನ ನಡುವೆ ಬರುವ ಪ್ರತಿ ಪ್ಯಾಕೆಟ್ಟೂ ಸಂಸ್ಕಾರಕವನ್ನು ಎಬ್ಬಿಸಬೇಕಾಗುತ್ತದೆ. ಆಳದ ಸ್ಥಿತಿಗಳನ್ನು ತಡೆದು ಸಿ1ಕ್ಕೆ ಮಿತಿಗೊಳಿಸಿ ಅಳೆದು ನೋಡಿದಾಗ ವ್ಯತ್ಯಾಸ ಕಂಡುಬಂದರೆ ಕಾರಣ ಅದೇ ಎಂದು ಖಚಿತವಾಗುತ್ತದೆ. ಆದರೆ ಈ ತಡವು ಮೈಕ್ರೋಸೆಕೆಂಡುಗಳ ಪ್ರಮಾಣದ್ದು. ಹತ್ತಾರು ಮಿಲಿಸೆಕೆಂಡುಗಳ ತಡಕ್ಕೆ ಹೊರಗಿನ ಸಂಪರ್ಕವೋ, ಸರತಿಯ ದಟ್ಟಣೆಯೋ ಕಾರಣವಾಗಿರುತ್ತದೆ.

6. ಯಂತ್ರ ಸ್ತಬ್ಧವಾಗುವುದು

ಬೇ ಟ್ರೇಲ್ ಪೀಳಿಗೆಯ ಇಂಟೆಲ್ ಸಂಸ್ಕಾರಕಗಳನ್ನು (ಸೆಲೆರಾನ್ ಜೆ1900 ಇವುಗಳಲ್ಲೊಂದು) ಬಳಸುವ ಲಿನಕ್ಸ್ ಯಂತ್ರಗಳು ಕಾರಣವಿಲ್ಲದೆ ಸ್ತಬ್ಧವಾಗುತ್ತಿದ್ದುದು ವ್ಯಾಪಕವಾಗಿ ವರದಿಯಾಗಿತ್ತು. ಆಳದ ನಿದ್ರಾಸ್ಥಿತಿಗಳನ್ನು ತಡೆದು ಸಿ1ರಲ್ಲಿಯೇ ನಿಲ್ಲಿಸುವುದು ಆಗ ಬಳಕೆಯಲ್ಲಿದ್ದ ತಾತ್ಕಾಲಿಕ ಪರಿಹಾರ. ಇದರಿಂದ ವಿದ್ಯುತ್ ಬಳಕೆ ಹೆಚ್ಚುತ್ತದೆ, ಆದರೆ ಯಂತ್ರ ನಿಲ್ಲುವುದಿಲ್ಲ. ಹಗಲಿನ ಒತ್ತಡದಲ್ಲಿ ಸರಿಯಾಗಿದ್ದು ಬಿಡುವಿನ ವೇಳೆಯಲ್ಲಿ ಮಾತ್ರ ಸ್ತಬ್ಧವಾಗುವ ಯಂತ್ರದಲ್ಲಿ ಮೊದಲಿಗೆ ನಿದ್ರಾಸ್ಥಿತಿಯನ್ನು, ಒತ್ತಡದಲ್ಲಿ ನಿಲ್ಲುವ ಯಂತ್ರದಲ್ಲಿ ಮೊದಲಿಗೆ ಶಾಖವನ್ನು ಮತ್ತು ಅಡಾಪ್ಟರನ್ನು ಪರೀಕ್ಷಿಸುವುದು ಕ್ರಮಬದ್ಧ.

ಪರೀಕ್ಷೆಯ ಕ್ರಮ

ದೋಷ ಹುಡುಕುವಾಗ ಒಂದು ಬಾರಿಗೆ ಒಂದು ಬದಲಾವಣೆಯನ್ನಷ್ಟೇ ಮಾಡಬೇಕು. ಸಾಮಾನ್ಯವಾಗಿ ಅನುಸರಿಸಬಹುದಾದ ಕ್ರಮ ಹೀಗಿದೆ:

1. ಸಂರಚನೆಯ ಪ್ರತಿಯನ್ನು ಉಳಿಸಿಕೊಳ್ಳುವುದು.
2. ಬಿಡುವಿನ ವೇಳೆಯಲ್ಲಿ ಆವರ್ತನ, ಉಷ್ಣತೆ ಮತ್ತು ಕೊಠಡಿಯ ತಾಪಮಾನವನ್ನು ಬರೆದಿಡುವುದು.
3. ರೌಟರ್‌ನ ಒಂದು ಬದಿಯ ಗಣಕಯಂತ್ರದಿಂದ ಇನ್ನೊಂದು ಬದಿಯ ಗಣಕಯಂತ್ರಕ್ಕೆ ದತ್ತಾಂಶ ಹರಿಸಿ ವೇಗವನ್ನು ಅಳೆಯುವುದು. ರೌಟರ್‌ನಲ್ಲಿಯೇ ಅಳತೆಯ ಕಾರ್ಯಕ್ರಮ ನಡೆಸಿದರೆ ಅದೇ ಒಂದು ಹೊರೆಯಾಗಿ ಫಲಿತಾಂಶ ತಪ್ಪುತ್ತದೆ.
4. ನಿಯಂತ್ರಣವನ್ನು ಗರಿಷ್ಠ ಕ್ರಮಕ್ಕೆ ಬದಲಾಯಿಸಿ ಮತ್ತೆ ಅಳೆಯುವುದು. ಈಗಲೂ ಫಲಿತಾಂಶ ಅದೇ ಆದರೆ ತೊಂದರೆಯ ಮೂಲ ಆವರ್ತನ ನಿಯಂತ್ರಣದಲ್ಲಿಲ್ಲ.
5. ವ್ಯತ್ಯಾಸವಿದ್ದರೆ ಉನ್ನತ ಹೊಂದಾಣಿಕೆಯ ಕ್ರಮಕ್ಕೆ ಬಂದು ಮೂರನೆಯ ಬಾರಿ ಅಳೆಯುವುದು.
6. ಕನಿಷ್ಠ ಒಂದು ಗಂಟೆ ಒತ್ತಡದಲ್ಲಿಟ್ಟು ಉಷ್ಣತೆ ಸ್ಥಿರವಾಗುವ ಮಟ್ಟವನ್ನು ಗಮನಿಸುವುದು.

ನಾಲ್ಕನೆಯ ಹೆಜ್ಜೆಯು ಎಲ್ಲಕ್ಕಿಂತ ಮುಖ್ಯವಾದುದು. ಅದನ್ನು ಬಿಟ್ಟು ಸಂರಚನೆಯನ್ನು ಬದಲಾಯಿಸುತ್ತ ಹೋದರೆ, ಮೂಲದಲ್ಲಿ ತಂತಿಯದೋ ಸೇವಾದಾತರದೋ ಆಗಿರುವ ದೋಷವನ್ನು ಸಂಸ್ಕಾರಕದಲ್ಲಿ ಹುಡುಕುತ್ತ ದಿನಗಳು ಕಳೆಯುತ್ತವೆ.

ಬಿಸಿಲ ನಾಡಿನಲ್ಲಿ

ಕೊಪ್ಪಳ ಜಿಲ್ಲೆಯ ಸಿದ್ದಾಪುರ, ಕಾರಟಗಿ, ಗಂಗಾವತಿ ಮೊದಲಾದ ಊರುಗಳು ತುಂಗಭದ್ರಾ ಅಚ್ಚುಕಟ್ಟು ಪ್ರದೇಶದಲ್ಲಿವೆ. ಭತ್ತದ ಬೆಳೆಗೆ ಮತ್ತು ಅಕ್ಕಿ ಗಿರಣಿಗಳಿಗೆ ಹೆಸರಾಗಿವೆ. ಕುಷ್ಟಗಿ, ಯಲಬುರ್ಗಾ ತಾಲೂಕುಗಳು ಬಹುಪಾಲು ಒಣಬೇಸಾಯದ ನಾಡು. ಈ ಭಾಗದಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಹಗಲಿನ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಹವಾನಿಯಂತ್ರಣವಿಲ್ಲದ ಕಚೇರಿ, ಶಾಲೆ, ಅಂಗಡಿಗಳಲ್ಲಿ ಇರುವ ರೌಟರ್‌ಗಳಿಗೆ ಇದೇ ಸುತ್ತಲಿನ ಗಾಳಿ.

ಫ್ಯಾನ್ ಇಲ್ಲದ ಪೆಟ್ಟಿಗೆಯಲ್ಲಿ ಸಂಸ್ಕಾರಕದ ಉಷ್ಣತೆಯು ಸುತ್ತಲಿನ ತಾಪಮಾನಕ್ಕೆ, ಬಳಸಿದ ವಿದ್ಯುತ್ತಿಗೆ ತಕ್ಕ ಏರಿಕೆಯನ್ನು ಕೂಡಿಸಿದಷ್ಟಿರುತ್ತದೆ. 25 ಡಿಗ್ರಿಯ ಕೊಠಡಿಯಲ್ಲಿ 60 ಡಿಗ್ರಿ ತೋರಿಸುವ ಯಂತ್ರದಲ್ಲಿ ಏರಿಕೆ 35 ಡಿಗ್ರಿ. ಅದೇ ಹೊರೆಯಲ್ಲಿ 42 ಡಿಗ್ರಿಯ ಕೊಠಡಿಯಲ್ಲಿ ಅದು ಸುಮಾರು 77 ಡಿಗ್ರಿಗೆ ಏರುತ್ತದೆ. ಅನೇಕ ಸಂಸ್ಕಾರಕಗಳು 100 ಡಿಗ್ರಿಯ ಆಸುಪಾಸಿನಲ್ಲಿ ತಮ್ಮನ್ನು ತಾವೇ ನಿಧಾನಗೊಳಿಸಿಕೊಳ್ಳುತ್ತವೆ. ಚಳಿಗಾಲದಲ್ಲಿ ಸರಿಯಾಗಿದ್ದ ರೌಟರ್ ಬೇಸಿಗೆಯ ಮಧ್ಯಾಹ್ನ ಮಾತ್ರ ನಿಧಾನವಾಗುವುದಕ್ಕೆ ಇದೇ ಕಾರಣವಾಗಿರಬಹುದು. ಮುಚ್ಚಿದ ಗೋಡೆಪೆಟ್ಟಿಗೆ, ತಗಡಿನ ಚಾವಣಿ, ಶಾಖನಿವಾರಕದ ರೆಕ್ಕೆಗಳ ಮೇಲೆ ಕೂತ ಧೂಳು ಅಥವಾ ಹೊಟ್ಟು ಈ ಏರಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತವೆ. ಸಂರಚನೆಯನ್ನು ಮುಟ್ಟುವ ಮೊದಲು ಧೂಳು ಒರೆಸುವುದು ಮತ್ತು ಪೆಟ್ಟಿಗೆಗೆ ಗಾಳಿಯಾಡಲು ಜಾಗ ಮಾಡುವುದು ಖರ್ಚಿಲ್ಲದ ಪರಿಹಾರ.

ಆವರ್ತನ ನಿಯಂತ್ರಣವು ಇಲ್ಲಿ ಉಳಿತಾಯಕ್ಕಿಂತ ಮಿಗಿಲಾದ ಪಾತ್ರ ವಹಿಸುತ್ತದೆ. ಬಿಡುವಿನ ವೇಳೆಯಲ್ಲಿ ಯಂತ್ರ ತಂಪಾಗಿದ್ದರೆ ಒತ್ತಡ ಬಂದಾಗ ಟರ್ಬೊ ವೇಗವನ್ನು ಹೆಚ್ಚು ಹೊತ್ತು ಉಳಿಸಿಕೊಳ್ಳಬಲ್ಲದು. ಸದಾ ಗರಿಷ್ಠ ಕ್ರಮದಲ್ಲಿಟ್ಟ ಯಂತ್ರವು ಒತ್ತಡ ಬರುವ ಮೊದಲೇ ಬಿಸಿಯಾಗಿರುತ್ತದೆ.

ವಿದ್ಯುತ್ ಮತ್ತು ಬ್ಯಾಟರಿಯ ಲೆಕ್ಕ

ನಿರಂತರವಾಗಿ 1 ವ್ಯಾಟ್ ಬಳಸುವ ಸಾಧನವು ವರ್ಷಕ್ಕೆ 8.76 ಯೂನಿಟ್ ವಿದ್ಯುತ್ ಬಳಸುತ್ತದೆ. 12 ವ್ಯಾಟ್‌ನ ರೌಟರ್ ಒಂದರ ಸರಾಸರಿ ಬಳಕೆಯನ್ನು 9 ವ್ಯಾಟ್‌ಗೆ ಇಳಿಸಿದರೆ ವಾರ್ಷಿಕ ಉಳಿತಾಯ 26.28 ಯೂನಿಟ್. ಬಿಲ್ಲಿನಲ್ಲಿ ಇದು ದೊಡ್ಡ ಮೊತ್ತವಲ್ಲ.

ವಿದ್ಯುತ್ ಕಡಿತದ ಸಮಯದಲ್ಲಿ ಮಾತ್ರ ಇದೇ ವ್ಯತ್ಯಾಸ ದೊಡ್ಡದಾಗಿ ಕಾಣುತ್ತದೆ. ಚಿಕ್ಕ ಯುಪಿಎಸ್‌ಗಳಲ್ಲಿ ಬಳಸುವ 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿಯ ಸಾಮರ್ಥ್ಯ 84 ವ್ಯಾಟ್-ಗಂಟೆ. ಲೆಕ್ಕದ ಪ್ರಕಾರ ಅದು 12 ವ್ಯಾಟ್‌ನ ಸಾಧನವನ್ನು 7 ಗಂಟೆ, 9 ವ್ಯಾಟ್‌ನ ಸಾಧನವನ್ನು 9 ಗಂಟೆ 20 ನಿಮಿಷ ನಡೆಸಬೇಕು. ಪರಿವರ್ತನೆಯ ನಷ್ಟ ಮತ್ತು ಬ್ಯಾಟರಿಯ ಹಳೆತನದಿಂದ ನಿಜವಾದ ಅವಧಿ ಕಡಿಮೆಯಿರುತ್ತದೆ. ಎರಡರ ನಡುವಿನ ಅನುಪಾತ ಮಾತ್ರ ಬಹುಮಟ್ಟಿಗೆ ಉಳಿಯುತ್ತದೆ. ಗ್ರಾಮ ಪಂಚಾಯಿತಿಗಳನ್ನು ದ್ಯುತಿತಂತುವಿನ ಮೂಲಕ ಜೋಡಿಸುವ ರಾಷ್ಟ್ರೀಯ ಯೋಜನೆಗೆ 2011ರಲ್ಲಿ ಅನುಮೋದನೆ ದೊರೆಯಿತು. ಮುಂದೆ ಅದು ಭಾರತ್‌ನೆಟ್ ಎಂಬ ಹೆಸರು ಪಡೆಯಿತು. ಪಹಣಿ, ಪ್ರಮಾಣಪತ್ರ, ಪಿಂಚಣಿ ಅರ್ಜಿಗಳೆಲ್ಲ ಅಂತರಜಾಲದ ಮೂಲಕವೇ ನಡೆಯುವ ಇಂದಿನ ದಿನಗಳಲ್ಲಿ, ಹಳ್ಳಿಯ ಸೇವಾಕೇಂದ್ರದ ಸಂಪರ್ಕವು ಎರಡು ಗಂಟೆ ಹೆಚ್ಚು ಉಳಿದರೆ ದೂರದಿಂದ ಬಂದು ಸರತಿಯಲ್ಲಿ ನಿಂತವರು ಬರಿಗೈಯಲ್ಲಿ ಮರಳುವುದು ತಪ್ಪುತ್ತದೆ. ಇಂತಹ ಕಡೆ ರೌಟರ್ ಜೊತೆಗೆ ದ್ಯುತಿತಂತುವಿನ ಸಂಪರ್ಕ ಸಾಧನವನ್ನೂ ಅದೇ ಯುಪಿಎಸ್‌ಗೆ ಜೋಡಿಸಬೇಕಾಗುತ್ತದೆ. ಒಂದು ನಿಂತರೆ ಇನ್ನೊಂದರಿಂದ ಪ್ರಯೋಜನವಿಲ್ಲ.

ಕರ್ನಾಟಕದ ಸಂಬಂಧ

ಸಂಸ್ಕಾರಕ ಮತ್ತು ಅರೆವಾಹಕಗಳ ವಿನ್ಯಾಸದಲ್ಲಿ ಬೆಂಗಳೂರಿಗೆ ಮಹತ್ವದ ಸ್ಥಾನವಿದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು 1985ರಲ್ಲಿ ಇಲ್ಲಿ ತನ್ನ ವಿನ್ಯಾಸ ಕೇಂದ್ರವನ್ನು ಆರಂಭಿಸಿತು. ಇಂಟೆಲ್‌ನ ಬೆಂಗಳೂರು ತಂಡವು ವಿನ್ಯಾಸಗೊಳಿಸಿದ, ಡನ್ನಿಂಗ್‌ಟನ್ ಎಂಬ ಸಂಕೇತನಾಮದ ಆರು ಕೋರ್‌ಗಳ ಝಿಯಾನ್ 7400 ಸರಣಿಯ ಸಂಸ್ಕಾರಕವು 2008ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾಯಿತು. ಅದರಲ್ಲಿ ಸುಮಾರು 190 ಕೋಟಿ ಟ್ರಾನ್ಸಿಸ್ಟರ್‌ಗಳಿದ್ದವು. ಅಷ್ಟು ಟ್ರಾನ್ಸಿಸ್ಟರ್‌ಗಳು ಒಂದೇ ಚಿಪ್‌ನಲ್ಲಿ ಸೇರಿದಾಗ ವಿದ್ಯುತ್ ಮತ್ತು ಶಾಖದ ನಿರ್ವಹಣೆಯೇ ವಿನ್ಯಾಸದ ಮುಖ್ಯ ಪ್ರಶ್ನೆಗಳಲ್ಲಿ ಒಂದಾಗುತ್ತದೆ.

ಮಿತಿಗಳು

ಸಂಸ್ಕಾರಕವು ರೌಟರ್‌ನ ಒಟ್ಟು ವಿದ್ಯುತ್ ಬಳಕೆಯ ಒಂದು ಭಾಗ ಮಾತ್ರ. ಜಾಲಪತ್ರಗಳು, ಸ್ಮೃತಿ, ಸಂಗ್ರಹಣೆ ಮತ್ತು ಅಡಾಪ್ಟರ್‌ನ ನಷ್ಟ ಉಳಿದ ಭಾಗವನ್ನು ತೆಗೆದುಕೊಳ್ಳುತ್ತವೆ. ಇಂಟೆಲ್ ಎನ್100ರಂತಹ 6 ವ್ಯಾಟ್ ಉಷ್ಣಮಿತಿಯ ಸಂಸ್ಕಾರಕಗಳು ಬಿಡುವಿನಲ್ಲಿ ತಾವಾಗಿಯೇ ಬಹಳ ಕಡಿಮೆ ವಿದ್ಯುತ್ ಬಳಸುವುದರಿಂದ, ಅಲ್ಲಿ ಆವರ್ತನವನ್ನು ಇನ್ನಷ್ಟು ತಗ್ಗಿಸಿ ಗಳಿಸುವುದು ಅಲ್ಪ. 2010ರಲ್ಲಿ ಮಾನದಂಡವಾದ ಮಿತಶಕ್ತಿಯ ಈಥರ್ನೆಟ್ ತಂತ್ರವು ಬಿಡುವಿನಲ್ಲಿರುವ ಜಾಲದ್ವಾರಗಳ ಬಳಕೆಯನ್ನು ತಗ್ಗಿಸುತ್ತದೆ. ಕೆಲವು ಜೋಡಣೆಗಳಲ್ಲಿ ಅದು ಸಂಪರ್ಕ ತಪ್ಪುವುದಕ್ಕೂ ಕಾರಣವಾಗುವುದರಿಂದ ದೋಷ ಹುಡುಕುವಾಗ ಅದನ್ನೂ ಪರಿಶೀಲಿಸಬೇಕು. ತಂತ್ರಾಂಶವು ತೋರಿಸುವ ವ್ಯಾಟ್‌ಗಳಿಗಿಂತ ಗೋಡೆಯ ಸಾಕೆಟ್ಟಿನಲ್ಲಿ ಜೋಡಿಸಿದ ಮಾಪಕದ ಅಳತೆಯೇ ಅಂತಿಮ ಪ್ರಮಾಣ.

ಇವನ್ನೂ ನೋಡಿ

ಫೈರ್‌ವಾಲ್
ರೌಟರ್
ಸಂಸ್ಕಾರಕ
ಫ್ರೀಬಿಎಸ್‌ಡಿ
ಲಿನಕ್ಸ್
ಭಾರತ್‌ನೆಟ್
ಕೊಪ್ಪಳ ಜಿಲ್ಲೆ